ಡೇರಿ ಇಟಿಪಿಯಲ್ಲಿ ಸ್ಲಡ್ಜ್ ತಳಕ್ಕೆ ಕೂರುತ್ತಿಲ್ಲವೇ? ದೋಷ ಹುಡುಕುವ ಬಗೆ

ಇಟಿಪಿಯ, ಅಂದರೆ ಕೊಳಚೆ ನೀರು ಶುದ್ಧ ಮಾಡುವ ಪ್ಲಾಂಟಿನ, ಲ್ಯಾಬ್ ರಿಪೋರ್ಟ್ ಬಂದಿದೆ. ಬಿಒಡಿ (ನೀರಿನ ಕೊಳೆ ತಿನ್ನಲು ಬ್ಯಾಕ್ಟೀರಿಯಾಗೆ ಬೇಕಾಗುವ ಆಮ್ಲಜನಕ) ಮಿತಿ ಮೀರಿದೆ, ಟಿಎಸ್‌ಎಸ್ (ನೀರಿನಲ್ಲಿ ತೇಲಾಡುವ ಕಣ) ಕೂಡ ಮೀರಿದೆ. ಸೆಟ್ಲಿಂಗ್ ಟ್ಯಾಂಕ್ ಹತ್ತಿರ ಹೋಗಿ ನೋಡಿದರೆ ಕಂದು ಸ್ಲಡ್ಜ್ (ಕೊಳೆ ತಿನ್ನುವ ಬ್ಯಾಕ್ಟೀರಿಯಾದ ಕೆಸರು) ಅಂಚು ದಾಟಿ ಔಟ್‌ಲೆಟ್ ಕಡೆ ಹರಿಯುತ್ತಿದೆ. ಮ್ಯಾನೇಜರ್ ಫೋನ್ ಮೇಲೆ ಫೋನ್ ಮಾಡುತ್ತಿದ್ದಾರೆ. ಆಪರೇಟರ್ ಮಾತ್ರ ಒಂದೇ ಮಾತು ಹೇಳುತ್ತಾನೆ: "ಸಾರ್, ಬ್ಯಾಕ್ಟೀರಿಯಾ ಎಲ್ಲಾ ಸತ್ತೋಗಿದೆ. ಎರಡು ಮೂಟೆ ಬೆಲ್ಲ, ಒಂದು ಲೋಡ್ ಸಗಣಿ ತರಿಸಿ."

ಬೆಲ್ಲ ತರಿಸಬೇಡಿ. ಇನ್ನೂ ಏನನ್ನೂ ಸುರಿಯಬೇಡಿ. ಹೊಸ ಪ್ಲಾಂಟ್ ಶುರು ಮಾಡುವಾಗ ಸಗಣಿ, ಬೆಲ್ಲ ಹಾಕುವುದು ನಮ್ಮ ಕಡೆ ಹಳೇ ರೂಢಿ. ಆಗ ಅದಕ್ಕೆ ಅರ್ಥ ಇರುತ್ತದೆ. ಆದರೆ ಕೊಳೆಯ ಲೋಡ್ ಜಾಸ್ತಿಯಾಗಿ ಉಸಿರುಗಟ್ಟಿರುವ ಟ್ಯಾಂಕಿಗೆ ಬೆಲ್ಲ ಹಾಕಿದರೆ ಅಜೀರ್ಣ ಆದವನಿಗೆ ಇನ್ನೊಂದು ಹೋಳಿಗೆ ಬಡಿಸಿದ ಹಾಗೆ. ನಾನು ಕಂಡ ಇಟಿಪಿಗಳಲ್ಲಿ ದೋಷ ಕಾಣಿಸಿಕೊಳ್ಳುವುದು ಟ್ಯಾಂಕಿನಲ್ಲಿ, ಹುಟ್ಟುವುದು ಹೆಚ್ಚಿನ ಸಲ ಪ್ರೊಡಕ್ಷನ್ ಹಾಲ್‌ನಲ್ಲಿ. ಆದ್ದರಿಂದ ಹುಡುಕಾಟ ಔಟ್‌ಲೆಟ್‌ನಿಂದ ಶುರುವಾಗಿ ಹಿಂದಕ್ಕೆ, ಹಾಲು ಇಳಿಯುವ ಜಾಗದವರೆಗೂ ಹೋಗಬೇಕು.

ಇಲ್ಲಿ ಬರೆದಿರುವುದು ಹಾಲು, ಮೊಸರು, ಪನೀರ್ ಮಾಡುವ ಸಣ್ಣ, ಮಧ್ಯಮ ಘಟಕಗಳ ಆಕ್ಟಿವೇಟೆಡ್ ಸ್ಲಡ್ಜ್ ಪ್ಲಾಂಟ್ ಬಗ್ಗೆ. ಇದರಲ್ಲಿ ಕೊಳಚೆ ನೀರು ಮೊದಲು ಈಕ್ವಲೈಸೇಷನ್ ಟ್ಯಾಂಕಿನಲ್ಲಿ ಸೇರಿ ಬೆರೆಯುತ್ತದೆ, ಏರೇಷನ್ ಟ್ಯಾಂಕಿನಲ್ಲಿ ಗಾಳಿ ಸಿಕ್ಕ ಬ್ಯಾಕ್ಟೀರಿಯಾ ಕೊಳೆ ತಿನ್ನುತ್ತದೆ, ಸೆಟ್ಲಿಂಗ್ ಟ್ಯಾಂಕಿನಲ್ಲಿ ಸ್ಲಡ್ಜ್ ತಳಕ್ಕೆ ಕೂತು ರಿಟರ್ನ್ ಪಂಪಿನಿಂದ ಏರೇಷನ್‌ಗೆ ವಾಪಸ್ ಹೋಗುತ್ತದೆ. ಬೇರೆ ಆಹಾರ ಘಟಕದವರಿಗೂ ಬಹುಪಾಲು ಹೊಂದುತ್ತದೆ. ಎಲೆಕ್ಟ್ರೋಪ್ಲೇಟಿಂಗ್, ಡೈಯಿಂಗ್‌ನವರ ದಾರಿ ಬೇರೆ.

ಮೊದಲು ರಿಪೋರ್ಟನ್ನೇ ಪರೀಕ್ಷಿಸಿ

ರಿಪೋರ್ಟ್ ತಪ್ಪಿರಬಹುದು ಅಂತ ತಳ್ಳಿಹಾಕಲು ಅಲ್ಲ. ಅದು ಯಾವ ನೀರಿನ ರಿಪೋರ್ಟ್ ಅಂತ ತಿಳಿದುಕೊಳ್ಳಲು. ಸ್ಯಾಂಪಲ್ ತೆಗೆದದ್ದು ಎಷ್ಟು ಗಂಟೆಗೆ? ಒಂದೇ ಸಲ ಮೊಗೆದದ್ದೋ, ಗಂಟೆಗೊಂದರಂತೆ ತೆಗೆದು ಸೇರಿಸಿದ್ದೋ? ಕೊನೆಯ ಪೈಪಿನಲ್ಲಿ ತೆಗೆದದ್ದೋ, ಸೆಟ್ಲಿಂಗ್ ಟ್ಯಾಂಕಿನ ಮೇಲಿಂದ ತೆಗೆದದ್ದೋ? ಬೆಳಿಗ್ಗೆ 6ಕ್ಕೆ ಮೊಗೆದ ನೀರಿಗೂ ಸಂಜೆ 4ಕ್ಕೆ ಮೊಗೆದ ನೀರಿಗೂ ಡೇರಿಯಲ್ಲಿ ಅಜಗಜಾಂತರ.

ನೀವೇ ಸ್ಯಾಂಪಲ್ ಕಳಿಸುವಾಗಲೂ ಕೆಲವು ತಪ್ಪುಗಳು ಆಗುತ್ತಲೇ ಇರುತ್ತವೆ. ಬಿಒಡಿ ಬಾಟಲಿಯನ್ನು ಐಸ್ ಇಲ್ಲದೆ ಬೈಕ್ ಡಿಕ್ಕಿಯಲ್ಲಿ ಇಟ್ಟು ಮಧ್ಯಾಹ್ನದ ಬಿಸಿಲಲ್ಲಿ ಒಯ್ಯುತ್ತಾರೆ. ಲ್ಯಾಬ್ ತಲುಪುವ ಹೊತ್ತಿಗೆ ಒಳಗಿನ ಬ್ಯಾಕ್ಟೀರಿಯಾ ಅರ್ಧ ಊಟ ಮುಗಿಸಿರುತ್ತದೆ. 4 ಡಿಗ್ರಿ ಹತ್ತಿರ ತಣ್ಣಗಿಡಬೇಕು. ಸಿಒಡಿ (ಕೊಳೆಯನ್ನು ಕೆಮಿಕಲ್‌ನಿಂದ ಸುಡಲು ಬೇಕಾಗುವ ಆಮ್ಲಜನಕ) ಬಾಟಲಿಗೆ ಸಲ್ಫ್ಯೂರಿಕ್ ಆಸಿಡ್ ಹಾಕಿ ಪಿಎಚ್ 2ಕ್ಕಿಂತ ಕೆಳಗೆ ತರಬೇಕು. ಬಿಒಡಿ ಬಾಟಲಿಗೆ ಆಸಿಡ್ ಹಾಕಬಾರದು. ಎಣ್ಣೆ ಮತ್ತು ಗ್ರೀಸ್ ಪರೀಕ್ಷೆಗೆ ಗಾಜಿನ ಬಾಟಲಿಯೇ ಬೇಕು, ಪ್ಲಾಸ್ಟಿಕ್ ಗೋಡೆಗೆ ಜಿಡ್ಡು ಅಂಟಿಕೊಂಡುಬಿಡುತ್ತದೆ. ಔಟ್‌ಲೆಟ್‌ನಲ್ಲಿ ಕ್ಲೋರಿನ್ ಹಾಕುತ್ತಿದ್ದರೆ ಅದನ್ನು ಲ್ಯಾಬ್‌ನವರಿಗೆ ಹೇಳಿ. ಉಳಿದ ಕ್ಲೋರಿನ್ ಬಿಒಡಿ ಪರೀಕ್ಷೆಯ ಬ್ಯಾಕ್ಟೀರಿಯಾವನ್ನು ಕೊಂದು, ಫಲಿತಾಂಶವನ್ನು ಸುಳ್ಳುಸುಳ್ಳೇ ಕಡಿಮೆ ತೋರಿಸುತ್ತದೆ.

ಮಿತಿ ಎಷ್ಟು ಅನ್ನುವುದನ್ನು ನಿಮ್ಮ ಕನ್ಸೆಂಟ್ (ಮಾಲಿನ್ಯ ನಿಯಂತ್ರಣ ಮಂಡಳಿ ಕೊಟ್ಟ ಸಮ್ಮತಿ ಪತ್ರ) ಪ್ರತಿ ತೆಗೆದು ನೋಡಿ. ಸಾಮಾನ್ಯ ಮಿತಿಯ ಪ್ರಕಾರ ಹೊಳೆ, ಕೆರೆಗೆ ಬಿಡುವ ನೀರಿನ ಬಿಒಡಿ ಲೀಟರಿಗೆ 30 ಮಿಲಿಗ್ರಾಂ, ನೀರಾವರಿಗೆ ಭೂಮಿಗೆ ಬಿಟ್ಟರೆ 100. ಡೇರಿಗಳಿಗೆ ಪರಿಸರ ಸಂರಕ್ಷಣಾ ನಿಯಮಗಳಲ್ಲಿ ಪ್ರತ್ಯೇಕ ಮಿತಿ ಇದೆ: ಬಿಒಡಿ 100, ಕುಡಿಯುವ ನೀರಿನ ಮೂಲಕ್ಕೆ ಸೇರುವ ಕಡೆ 30ರವರೆಗೂ ಬಿಗಿ ಮಾಡಬಹುದು. ಪಕ್ಕದ ಘಟಕದವರು ಹೇಳಿದ ಸಂಖ್ಯೆ ನಿಮ್ಮದಲ್ಲ. ನಿಮ್ಮ ಕನ್ಸೆಂಟ್‌ನಲ್ಲಿ ಅಚ್ಚಾಗಿರುವುದೇ ನಿಮ್ಮದು.

ಇನ್ನೊಂದು ಮಾತು. ನಮ್ಮಲ್ಲಿ ಬಿಒಡಿ ಪರೀಕ್ಷೆ 27 ಡಿಗ್ರಿಯಲ್ಲಿ 3 ದಿನ ಇಟ್ಟು ಮಾಡುವುದು. ಅದರ ಉತ್ತರಕ್ಕೆ ಕಾಯುತ್ತಾ ಕುಳಿತರೆ ಮೂರು ದಿನ ಕೆಟ್ಟ ನೀರೇ ಹೊರಗೆ ಹೋಗುತ್ತದೆ. ಸಿಒಡಿಗೆ 2 ಗಂಟೆ ಕುದಿಸಿದರೆ ಸಾಕು. ದೋಷ ಹುಡುಕುವಾಗ ದಿನದ ಲೆಕ್ಕಕ್ಕೆ ಸಿಒಡಿ, ವಾರದ ಲೆಕ್ಕಕ್ಕೆ ಬಿಒಡಿ ಇಟ್ಟುಕೊಳ್ಳಿ.

ಒಂದು ಸಿಲಿಂಡರ್, ಅರ್ಧ ಗಂಟೆ

1000 ಎಂಎಲ್ ಸಿಲಿಂಡರ್ ಒಂದನ್ನು ತೊಳೆದು ತನ್ನಿ. ಏರೇಷನ್ ಟ್ಯಾಂಕಿನಿಂದ ನೀರು ತುಂಬಿ. ನೆರಳಿನಲ್ಲಿ, ಅಲುಗಾಡದ ಜಾಗದಲ್ಲಿ ಇಟ್ಟು 30 ನಿಮಿಷ ನೋಡಿ. ಸುಮ್ನೆ ಇಟ್ಟು ಟೀ ಕುಡಿಯಲು ಹೋಗಬೇಡಿ, ಮೊದಲ ಐದು ನಿಮಿಷದಲ್ಲೇ ಅರ್ಧ ವಿಷಯ ಗೊತ್ತಾಗುತ್ತದೆ. ಆರೋಗ್ಯವಾಗಿರುವ ಸ್ಲಡ್ಜ್ ಮೊದಲು ಮೋಡದ ಹಾಗೆ ಗುಂಪುಗೂಡುತ್ತದೆ, ಆಮೇಲೆ ಒಟ್ಟಿಗೆ ಕೆಳಗಿಳಿಯುತ್ತದೆ, ಮೇಲೆ ತಿಳಿನೀರು ಬಿಡುತ್ತದೆ. ಅರ್ಧ ಗಂಟೆಗೆ 300ರಿಂದ 400ರ ಗೆರೆಯ ಹತ್ತಿರ ನಿಂತರೆ ಚೆನ್ನಾಗಿದೆ ಅಂತ ಅರ್ಥ. ಇದೇ ಎಸ್‌ವಿ30.

ಈ ಸಂಖ್ಯೆ ಒಂದೇ ಸಾಲದು. ಎಂಎಲ್‌ಎಸ್‌ಎಸ್ ಕೂಡ ಬೇಕು, ಅಂದರೆ ಏರೇಷನ್ ಟ್ಯಾಂಕಿನ ಒಂದು ಲೀಟರ್ ನೀರಿನಲ್ಲಿ ಎಷ್ಟು ಮಿಲಿಗ್ರಾಂ ಸ್ಲಡ್ಜ್ ಇದೆ ಅನ್ನುವುದು. ಎಸ್‌ವಿ30ನ್ನು ಸಾವಿರದಿಂದ ಗುಣಿಸಿ ಎಂಎಲ್‌ಎಸ್‌ಎಸ್‌ನಿಂದ ಭಾಗಿಸಿದರೆ ಎಸ್‌ವಿಐ, ಅಂದರೆ ಒಂದು ಗ್ರಾಂ ಸ್ಲಡ್ಜ್ ಕೂತಾಗ ಹಿಡಿಯುವ ಎಂಎಲ್ ಜಾಗ, ಸಿಗುತ್ತದೆ. 150ರ ಒಳಗಿದ್ದರೆ ನೆಮ್ಮದಿ. 200 ದಾಟಿದರೆ ಸ್ಲಡ್ಜ್ ಉಬ್ಬಿದೆ ಅಂತ ಅರ್ಥ.

ಈಗ ಹೇಳುವ ಪರೀಕ್ಷೆಯನ್ನು ತುಂಬಾ ಜನ ಮಾಡುವುದೇ ಇಲ್ಲ, ಅದಕ್ಕೆ ಒಂದು ಪೈಸೆ ಖರ್ಚಿಲ್ಲ. ಸಿಲಿಂಡರ್‌ಗೆ ಅರ್ಧ ಏರೇಷನ್ ಟ್ಯಾಂಕಿನ ನೀರು, ಅರ್ಧ ಔಟ್‌ಲೆಟ್‌ನ ತಿಳಿನೀರು ಹಾಕಿ ಮತ್ತೆ 30 ನಿಮಿಷ ಬಿಡಿ. ಮೊದಲು 900ರಲ್ಲಿ ನಿಂತಿದ್ದ ಸ್ಲಡ್ಜ್ ಈಗ 250, 300ಕ್ಕೆ ದಬಕ್ಕನೆ ಇಳಿದರೆ ಸ್ಲಡ್ಜ್ ಕೆಟ್ಟಿಲ್ಲ, ಬರೀ ಜಾಸ್ತಿಯಾಗಿದೆ. ಇಕ್ಕಟ್ಟಿನಲ್ಲಿ ಕೂರಲು ಜಾಗವಿಲ್ಲ, ಅಷ್ಟೆ. ದಿನಾ ಸ್ವಲ್ಪ ಸ್ವಲ್ಪ ಹೊರತೆಗೆದು ಡ್ರೈಯಿಂಗ್ ಬೆಡ್‌ಗೋ ಫಿಲ್ಟರ್ ಪ್ರೆಸ್‌ಗೋ ಕಳಿಸಿ, ಒಂದು ವಾರದಲ್ಲಿ ಸರಿಹೋಗುತ್ತದೆ. ನೀರು ಬೆರೆಸಿದರೂ 600, 700ರಲ್ಲೇ ನಿಂತರೆ ಮಾತ್ರ ನೂಲುಬ್ಯಾಕ್ಟೀರಿಯಾ ಬೆಳೆದಿದೆ ಅಂತ ಅರ್ಥ. ಹತ್ತಿಯ ಎಳೆ ಥರ ಉದ್ದುದ್ದ ಬೆಳೆದು ಸ್ಲಡ್ಜ್ ಕಣಗಳನ್ನು ಒಂದರ ಹತ್ತಿರ ಇನ್ನೊಂದು ಬರದ ಹಾಗೆ ತಡೆಯುತ್ತದೆ. ಕಾಲೇಜಿನ ಮೈಕ್ರೋಸ್ಕೋಪ್ ಸಿಕ್ಕರೆ 100 ಪಟ್ಟಿನಲ್ಲೇ ಕಾಣುತ್ತದೆ.

ಡಿಒ ಇಳಿದಿದೆಯೋ, ಏರಿದೆಯೋ

ಮುಂದಿನ ಕವಲು ಇದು. ಏರೇಷನ್ ಟ್ಯಾಂಕಿನಲ್ಲಿ ಕರಗಿದ ಆಮ್ಲಜನಕ, ಅಂದರೆ ಡಿಒ, ಲೀಟರಿಗೆ 1ರಿಂದ 2 ಮಿಲಿಗ್ರಾಂ ಇರಬೇಕು. ಮೀಟರನ್ನು ಬಯಲು ಗಾಳಿಯಲ್ಲಿ ಕ್ಯಾಲಿಬ್ರೇಟ್ ಮಾಡಿ, ಟ್ಯಾಂಕಿನ ನಾಲ್ಕೂ ಮೂಲೆಯಲ್ಲಿ ಅಳೆಯಿರಿ. ಒಂದು ಮೂಲೆಯಲ್ಲಿ ಮಾತ್ರ ಕಡಿಮೆ ಇದ್ದರೆ ಆ ಕಡೆಯ ಡಿಫ್ಯೂಸರ್ (ತಳದಲ್ಲಿ ಗಾಳಿ ಗುಳ್ಳೆ ಬಿಡುವ ಭಾಗ) ಕಟ್ಟಿಕೊಂಡಿದೆ. ಗುಳ್ಳೆಗಳ ಚಿತ್ತಾರ ನೋಡಿದರೂ ಗೊತ್ತಾಗುತ್ತದೆ: ಒಂದೆಡೆ ಸತ್ತ ನೀರು, ಇನ್ನೊಂದೆಡೆ ಹರಿದ ಡಿಫ್ಯೂಸರ್‌ನಿಂದ ಅನ್ನ ಕುದಿಯುವ ಹಾಗೆ ದೊಡ್ಡ ಗುಳ್ಳೆ.

ಎಲ್ಲಾ ಕಡೆ ಇಳಿದಿದ್ದರೆ ಎರಡೇ ಸಾಧ್ಯತೆ. ಗಾಳಿ ಕಡಿಮೆಯಾಗಿದೆ, ಇಲ್ಲವೇ ಊಟ ಜಾಸ್ತಿಯಾಗಿದೆ. ಗಾಳಿಯನ್ನು ಪರೀಕ್ಷಿಸಲು ಬ್ಲೋವರ್ ಬೆಲ್ಟ್, ಫಿಲ್ಟರ್, ಪ್ರೆಷರ್ ಗೇಜ್ ನೋಡಿ. ಇಟಿಪಿಯ ಕರೆಂಟ್ ಮೀಟರನ್ನೂ ನೋಡಿ. ಬ್ಲೋವರ್ ಗಂಟೆಗೆ 6 ಯೂನಿಟ್ ಎಳೆಯುತ್ತದೆ ಅಂದುಕೊಳ್ಳಿ. 24 ಗಂಟೆಗೆ 144 ಆಗಬೇಕು. ಮೀಟರ್ 96 ತೋರಿಸಿದರೆ ಬ್ಲೋವರ್ ಓಡಿದ್ದು 16 ಗಂಟೆ ಮಾತ್ರ. ಲಾಗ್ ಬುಕ್ಕಿನಲ್ಲಿ 24 ಅಂತ ಬರೆದಿದ್ದರೂ ಮೀಟರ್ ಸುಳ್ಳು ಹೇಳುವುದಿಲ್ಲ. ಮಂಡಳಿಯ ಅಧಿಕಾರಿಗಳೂ ಇದೇ ಲೆಕ್ಕ ಹಾಕುತ್ತಾರೆ.

ಡಿಒ ಏರಿದ್ದರೆ? ಬ್ಲೋವರ್ ಮೊದಲಿನ ಹಾಗೇ ಇದೆ, ಆದರೆ 2 ಇದ್ದದ್ದು 5, 6 ಆಗಿದೆ. ಖುಷಿಪಡಬೇಡಿ. ಉಸಿರಾಡುವವರು ಯಾರೂ ಉಳಿದಿಲ್ಲ ಅಂತ ಅರ್ಥ. ಔಟ್‌ಲೆಟ್ ಮಜ್ಜಿಗೆ ನೀರಿನ ಹಾಗೆ ಮಬ್ಬಾಗಿರುತ್ತದೆ, ಬಿಳಿ ನೊರೆ ಎದ್ದಿರುತ್ತದೆ. ಇದು ವಿಷ ಬಿದ್ದ ಲಕ್ಷಣ. ಡೇರಿಯಲ್ಲಿ ವಿಷ ಎಲ್ಲಿಂದ ಬರುತ್ತದೆ? ಸಿಐಪಿಯಿಂದ, ಅಂದರೆ ಪೈಪು, ಟ್ಯಾಂಕುಗಳನ್ನು ಬಿಚ್ಚದೆ ಕೆಮಿಕಲ್ ಹಾಯಿಸಿ ತೊಳೆಯುವುದರಿಂದ. ಕಾಸ್ಟಿಕ್, ನೈಟ್ರಿಕ್ ಆಸಿಡ್, ಹೈಪೋಕ್ಲೋರೈಟ್, ಪೆರಾಸಿಟಿಕ್ ಆಸಿಡ್. ಹಳೇ ಕೆಮಿಕಲ್ ಟ್ಯಾಂಕ್ ಖಾಲಿ ಮಾಡಲು ಯಾರೋ ರಾತ್ರಿ ವಾಲ್ವ್ ತಿರುಗಿಸಿರುತ್ತಾರೆ. ಆ ಶಿಫ್ಟ್‌ನವರನ್ನು ಗದರಿಸದೆ ಕೇಳಿ. ಗದರಿಸಿದರೆ ಯಾರೂ ಹೇಳುವುದಿಲ್ಲ, ಮುಂದಿನ ತಿಂಗಳು ಮತ್ತೆ ಆಗುತ್ತದೆ.

"ಆಪರೇಟರ್ ಹೇಳಿದ ಹಾಗೆ ಸತ್ತಿದೆ" ಅನ್ನುವ ಮಾತು ನಿಜವಾಗುವುದು ಈ ಒಂದು ಸಂದರ್ಭದಲ್ಲಿ. ಆಗ ಒಳಹರಿವು ತಡೆದು, ಪಿಎಚ್ ಸರಿಮಾಡಿ, ಇನ್ನೊಂದು ಡೇರಿಯ ಪ್ಲಾಂಟಿನಿಂದ ಟ್ಯಾಂಕರ್‌ನಲ್ಲಿ ಸ್ಲಡ್ಜ್ ತಂದು ಬಿಡುವುದು ಸಗಣಿಗಿಂತ ಎಷ್ಟೋ ಬೇಗ ಕೆಲಸ ಮಾಡುತ್ತದೆ. ಅದು ಆಗಲೇ ಹಾಲಿನ ಜಿಡ್ಡಿಗೆ ಪಳಗಿದ ಸ್ಲಡ್ಜ್.

ಶುಕ್ರವಾರದ ವಾಸನೆ

ಒಂದು ಘಟಕದ ಕಥೆಯನ್ನು ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಉಳಿದ ಕಡೆಯೂ ಇದೇ ಕಥೆ ಬೇರೆ ಬೇರೆ ವೇಷದಲ್ಲಿ ಬರುತ್ತದೆ. ದಿನಕ್ಕೆ 60 ಕಿಲೋಲೀಟರ್ ಕೊಳಚೆ ನೀರಿನ ಡೇರಿ ಅದು. ಮೊದಲ ನೋಟಿಸ್ ಬಂದಿತ್ತು. ನಾನು ಹೋದ ದಿನ ಎಸ್‌ವಿ30 920. ಅರ್ಧಕ್ಕರ್ಧ ನೀರು ಬೆರೆಸಿದರೂ 640ರಲ್ಲೇ ನಿಂತಿತು. ಎಂಎಲ್‌ಎಸ್‌ಎಸ್ 3100. ಎಸ್‌ವಿಐ ಹತ್ತಿರಹತ್ತಿರ 300. ಅಂದರೆ ಸ್ಲಡ್ಜ್ ಜಾಸ್ತಿಯಾಗಿಲ್ಲ, ನೂಲು ಬೆಳೆದಿದೆ. ಡಿಒ 0.4.

ಲಾಗ್ ಬುಕ್ ತೆರೆದೆ. ಪಿಎಚ್ ಕಾಲಂನಲ್ಲಿ 7.2, 7.2, 7.2. ಪೂರ್ತಿ ತಿಂಗಳು 7.2. ಒಂದೇ ಪೆನ್ನು, ಒಂದೇ ಓರೆ ಅಕ್ಷರ. ನನಗೆ ಸಿಟ್ಟಿಗಿಂತ ಬೇಸರವಾಯಿತು. ಡಾಕ್ಟರ ಕೈಗೆ ಬರೀ 98.4 ಬರೆದ ಜ್ವರದ ಚಾರ್ಟ್ ಕೊಟ್ಟರೆ ಅವರು ಏನು ನೋಡಬೇಕು? ಆಪರೇಟರ್ ಒಳ್ಳೆಯ ಹುಡುಗ. ಕೇಳಿದಾಗ ಹೇಳಿಬಿಟ್ಟ: "ಅಣ್ಣ, ಮೀಟರ್ ಕೆಟ್ಟು ಎರಡು ತಿಂಗಳಾಯ್ತು. ಖಾಲಿ ಬಿಟ್ಟರೆ ಬೈತಾರೆ."

ಗೇಟಿನ ಹೊರಗೆ, ಹಳ್ಳದ ಪಕ್ಕ ಒಬ್ಬ ಅಜ್ಜಿ ಎರಡು ಹಸು ಮೇಯಿಸುತ್ತಿದ್ದರು. ನೀರಿನ ಬಗ್ಗೆ ಕೇಳಿದೆ. ಅವರು ತಡವರಿಸಲಿಲ್ಲ. "ಶುಕ್ರವಾರ, ಶನಿವಾರ ಹುಳಿ ಮಜ್ಜಿಗೆ ವಾಸನೆ ಬರ್ತದಪ್ಪ. ಹಸು ಬಾಯಿ ಹಾಕಲ್ಲ. ಸೋಮವಾರಕ್ಕೆ ಪರವಾಗಿಲ್ಲ." ಎರಡು ತಿಂಗಳ ಲಾಗ್ ಬುಕ್ಕಿನಲ್ಲಿ ಇಲ್ಲದ್ದು ಆ ಒಂದು ಮಾತಿನಲ್ಲಿತ್ತು. ದೋಷ ವಾರಕ್ಕೊಮ್ಮೆ ಬರುತ್ತದೆ, ಗುರುವಾರ ಏನೋ ನಡೆಯುತ್ತದೆ.

ಬಾಡಿಗೆ ಪಿಎಚ್ ಮೀಟರ್ ತಂದು ಗುರುವಾರ ರಾತ್ರಿ ಈಕ್ವಲೈಸೇಷನ್ ಟ್ಯಾಂಕ್ ಪಕ್ಕ ಕುಳಿತೆವು. ಬೆಳಿಗ್ಗೆ 10ಕ್ಕೆ 6.9 ಇತ್ತು. ಸಂಜೆ 6ಕ್ಕೆ 6.1. ರಾತ್ರಿ 11ಕ್ಕೆ 5.4. ಬೆಳಗಿನ ಜಾವ 5ಕ್ಕೆ 4.7. ಟಾರ್ಚ್ ಹಾಕಿದರೆ ನೀರಿನ ಮೇಲೆ ಒಡೆದ ಹಾಲಿನ ಸಣ್ಣ ಸಣ್ಣ ಬಿಳಿ ತುಣುಕು. ಮೂಗಿಗೆ ಅಜ್ಜಿ ಹೇಳಿದ ಅದೇ ವಾಸನೆ. ಟ್ಯಾಂಕಿನಲ್ಲಿ ಗುಳ್ಳೆ ಇಲ್ಲ. ಕರೆಂಟ್ ಬಿಲ್ ಉಳಿಸಲು ಆ ಟ್ಯಾಂಕಿನ ಸಣ್ಣ ಬ್ಲೋವರನ್ನು ರಾತ್ರಿ ಹೊತ್ತು ನಿಲ್ಲಿಸುತ್ತಿದ್ದರು.

ಉಳಿದದ್ದು ಪ್ರೊಡಕ್ಷನ್ ಹಾಲ್‌ನಲ್ಲಿ ಸಿಕ್ಕಿತು. ನಾಲ್ಕು ತಿಂಗಳಿಂದ ಗುರುವಾರ ಪನೀರ್ ಮಾಡುತ್ತಿದ್ದರು, ವಾರಾಂತ್ಯದ ಹೋಟೆಲ್ ಆರ್ಡರ್‌ಗೆ. 1200 ಲೀಟರ್ ಹಾಲು ಒಡೆಸಿದರೆ ಸುಮಾರು 1000 ಲೀಟರ್ ಪನೀರ್ ನೀರು ಉಳಿಯುತ್ತದೆ. ಅದು ಸೀದಾ ಮೋರಿಗೆ.

ಸಾವಿರ ಲೀಟರ್ ಅಂದರೆ 60 ಸಾವಿರ ಲೀಟರಿನಲ್ಲಿ ಏನು ಮಹಾ, ಅಲ್ವಾ? ಪ್ರೊಡಕ್ಷನ್ ಮ್ಯಾನೇಜರ್ ಕೂಡ ಹಾಗೇ ಅಂದರು. ಲೆಕ್ಕ ಹಾಕಿ ತೋರಿಸಿದೆ. ಘಟಕದ ಮಾಮೂಲಿ ಕೊಳಚೆ ನೀರಿನ ಬಿಒಡಿ ಲೀಟರಿಗೆ 800 ಮಿಲಿಗ್ರಾಂ. 60 ಸಾವಿರ ಲೀಟರಿಗೆ 48 ಕಿಲೋ. ಪನೀರ್ ನೀರಿನ ಬಿಒಡಿ ಲೀಟರಿಗೆ 35 ಗ್ರಾಂ ಅಂತ ಹಿಡಿದರೆ ಸಾವಿರ ಲೀಟರಿಗೆ 35 ಕಿಲೋ. ನೀರು ಅರವತ್ತರಲ್ಲಿ ಒಂದು ಪಾಲು ಜಾಸ್ತಿಯಾಯಿತು, ಕೊಳೆಯ ಭಾರ 48ರಿಂದ 83 ಕಿಲೋಗೆ ಏರಿತು. ಹಾಲಿನ ಲೆಕ್ಕವೂ ಹೀಗೇ ಕಣ್ಣು ತೆರೆಸುತ್ತದೆ. ಒಂದು ಲೀಟರ್ ಹಾಲಿನಲ್ಲಿ ಸುಮಾರು 100 ಗ್ರಾಂ ಬಿಒಡಿ. ಅರ್ಧ ಲೀಟರಿನ ಒಂದು ಪಾಕೆಟ್ ಒಡೆದು ಮೋರಿಗೆ ಹೋದರೆ ಒಬ್ಬ ಮನುಷ್ಯನ ಒಂದು ದಿನದ ಕೊಳಚೆಯಷ್ಟು ಭಾರ ಹೋದಂತೆ. ಅವರು ಕ್ಯಾಲ್ಕುಲೇಟರ್ ಇಸಿದುಕೊಂಡು ಎರಡು ಸಲ ತಾವೇ ಗುಣಿಸಿ ನೋಡಿದರು.

ಈಗ ಸರಪಳಿ ಪೂರ್ತಿಯಾಯಿತು. ಪನೀರ್ ನೀರಿನ ಲ್ಯಾಕ್ಟೋಸ್ ಅನ್ನುವ ಹಾಲಿನ ಸಕ್ಕರೆ, ಗಾಳಿ ಇಲ್ಲದ ಟ್ಯಾಂಕಿನಲ್ಲಿ ರಾತ್ರಿಯೆಲ್ಲ ಹುಳಿತು. ಲ್ಯಾಕ್ಟಿಕ್ ಆಸಿಡ್ ಆಯಿತು. ಬೆಳಿಗ್ಗೆ ಆ ಹುಳಿನೀರು ಒಟ್ಟಿಗೆ ಏರೇಷನ್ ಟ್ಯಾಂಕಿಗೆ ಪಂಪ್ ಆಯಿತು. ಪಿಎಚ್ ಬಿತ್ತು, ಭಾರ ಏರಿತು, ಡಿಒ ತಳ ಕಂಡಿತು. ಹುಳಿ, ಸಕ್ಕರೆ, ಆಮ್ಲಜನಕದ ಕೊರತೆ, ಈ ಮೂರೂ ನೂಲುಬ್ಯಾಕ್ಟೀರಿಯಾಗೆ ಹಬ್ಬದೂಟ. ವಾರ ವಾರ ಹೀಗಾದ ಮೇಲೆ ಒಳ್ಳೆಯ ಸ್ಲಡ್ಜ್ ಹಿಂದೆ ಬಿತ್ತು, ನೂಲು ಮುಂದೆ ಬಂತು.

ಸರಿ ಮಾಡಿದ ಕ್ರಮ

ಪನೀರ್ ನೀರನ್ನು ಮೋರಿಯಿಂದ ಬಿಡಿಸಿದ್ದೇ ಮೊದಲ ಕೆಲಸ. ಎರಡು ಸಾವಿರ ಲೀಟರಿನ ಸಿಂಟೆಕ್ಸ್ ಇಟ್ಟು, ಬೇರೆ ಪೈಪ್ ಎಳೆದು ಅದಕ್ಕೆ ತುಂಬಿಸಿದರು. ಹತ್ತಿರದ ಹಂದಿ ಸಾಕಣೆಯವರು, ಹಸು ಕಟ್ಟಿದವರು ಅದನ್ನು ಅದೇ ದಿನ ತಾಜಾ ಇರುವಾಗಲೇ ಒಯ್ಯಲು ಒಪ್ಪಿದರು. ನೆಲಕ್ಕೆ ಬಿದ್ದ ಹಾಲು, ಮೊಸರನ್ನು ಪೈಪ್ ಹಿಡಿದು ತೊಳೆಯುವ ಮೊದಲು ವೈಪರ್‌ನಿಂದ ಎಳೆದು ಡಬ್ಬಕ್ಕೆ ಹಾಕುವ ಅಭ್ಯಾಸ ಮಾಡಿಸಿದೆವು.

ಎರಡನೆಯದು, ಈಕ್ವಲೈಸೇಷನ್ ಟ್ಯಾಂಕಿನ ಬ್ಲೋವರ್ 24 ಗಂಟೆ. ಪಿಎಚ್ 6.5ಕ್ಕಿಂತ ಇಳಿದರೆ ಸುಣ್ಣದ ತಿಳಿ. ಕಾಸ್ಟಿಕ್ ಕೂಡ ಆಗುತ್ತದೆ, ಆದರೆ ಕೈ ತಪ್ಪಿದರೆ ಪಿಎಚ್ 11ಕ್ಕೆ ಹಾರುತ್ತದೆ. ಹೊಸಬರ ಕೈಗೆ ಸುಣ್ಣವೇ ಕ್ಷೇಮ.

ಮೂರನೆಯದು, ಪಂಪಿಂಗ್. ಬೆಳಿಗ್ಗೆ ಬರೀ ಆರು ತಾಸಿನಲ್ಲಿ ಪಂಪ್ ಮಾಡಿ ಮುಗಿಸುತ್ತಿದ್ದ ನೀರನ್ನು 22 ಗಂಟೆಗೆ ಹಂಚಿದೆವು. ವಾಲ್ವ್ ಸ್ವಲ್ಪ ಮುಚ್ಚಿದ್ದು ಬಿಟ್ಟರೆ ಬೇರೆ ಖರ್ಚಿಲ್ಲ.

ಕ್ಲೋರಿನ್ ಹಾಕಿ ನೂಲನ್ನು ಸುಡಬಹುದು. ಹಿಂತಿರುಗುವ ಸ್ಲಡ್ಜ್ ಪೈಪಿನಲ್ಲಿ ಅಳತೆ ಮಾಡಿ ಹಾಕುವ ವಿಧಾನ ಇದೆ. ನಾನು ಅದನ್ನು ಕೊನೆಗೆ ಇಡುತ್ತೇನೆ. ಅಳತೆ ತಪ್ಪಿದರೆ ಒಳ್ಳೆಯದೂ ಸಾಯುತ್ತದೆ. ಕಾರಣ ತೆಗೆಯದೆ ನೂಲು ಮಾತ್ರ ಸುಟ್ಟರೆ ಹದಿನೈದು ದಿನಕ್ಕೆ ವಾಪಸ್ ಬರುತ್ತದೆ. ಇಲ್ಲಿ ಅದರ ಅಗತ್ಯ ಬೀಳಲಿಲ್ಲ. ಡಿಒ ಒಂದು ವಾರದಲ್ಲಿ 1.5ಕ್ಕೆ ಬಂತು. ಎಸ್‌ವಿ30 ಮಾತ್ರ ನಿಧಾನ: ಮೂರನೇ ವಾರ 480, ಐದನೇ ವಾರ 340. ಸ್ಲಡ್ಜ್ ಪೂರ್ತಿ ಹೊಸದಾಗಲು ಅಷ್ಟು ದಿನ ಬೇಕೇ ಬೇಕು. ಎರಡನೇ ವಾರದಲ್ಲಿ ಬದಲಾವಣೆ ಕಾಣಲಿಲ್ಲ ಅಂತ ಇನ್ನೊಂದು ಕೆಮಿಕಲ್ ತರಿಸುವವರೇ ಜಾಸ್ತಿ. ತಾಳಿ.

ಯೂರಿಯಾ, ಡಿಎಪಿ ಬಗ್ಗೆ ಒಂದು ಮಾತು. ಬಿಒಡಿ 100ಕ್ಕೆ ಸಾರಜನಕ 5, ರಂಜಕ 1 ಅನ್ನುವುದು ಸರಿಯಾದ ಲೆಕ್ಕವೇ. ಆದರೆ ಹಾಲಿನ ನೀರಿನಲ್ಲಿ ಸಾಮಾನ್ಯವಾಗಿ ಅವೆರಡೂ ಇರುತ್ತವೆ. ಪರೀಕ್ಷೆ ಮಾಡಿಸದೆ ವಾರಕ್ಕೊಂದು ಮೂಟೆ ಯೂರಿಯಾ ಹಾಕಿದರೆ ಔಟ್‌ಲೆಟ್‌ನಲ್ಲಿ ಅಮೋನಿಯಾ ಮಿತಿ ಮೀರಿ ಹೊಸ ನೋಟಿಸ್ ಬರುತ್ತದೆ.

ಬೇರೆ ಲಕ್ಷಣ ಕಂಡರೆ

ಸಿಲಿಂಡರ್‌ನಲ್ಲಿ ಸ್ಲಡ್ಜ್ ಚೆನ್ನಾಗಿ ಕೂತು, ಗಂಟೆಯ ನಂತರ ಗಡ್ಡೆ ಗಡ್ಡೆಯಾಗಿ ಮೇಲೆ ತೇಲಿದರೆ ಅದು ಉಬ್ಬಿದ್ದಲ್ಲ. ತಳದಲ್ಲಿ ನೈಟ್ರೋಜನ್ ಗುಳ್ಳೆ ಹುಟ್ಟಿ ಎತ್ತುತ್ತಿದೆ. ಕಡ್ಡಿಯಿಂದ ಕಲಕಿದರೆ ಗುಳ್ಳೆ ಬಿಟ್ಟು ಮತ್ತೆ ಮುಳುಗುತ್ತದೆ. ಸ್ಲಡ್ಜ್ ಸೆಟ್ಲಿಂಗ್ ಟ್ಯಾಂಕಿನ ತಳದಲ್ಲಿ ಜಾಸ್ತಿ ಹೊತ್ತು ಕೂರುತ್ತಿದೆ ಅಂತ ಅರ್ಥ. ರಿಟರ್ನ್ ಪಂಪ್ ಕಟ್ಟಿದೆಯೇ ನೋಡಿ. ಬಟ್ಟೆ ಚೂರು, ಪ್ಲಾಸ್ಟಿಕ್ ಪಾಕೆಟ್ ತುಂಡು ಇಂಪೆಲ್ಲರ್‌ಗೆ ಸುತ್ತಿರುವುದು ಮಾಮೂಲಿ. ತೇಲಿದ್ದು ಕಪ್ಪಾಗಿ ಕೊಳೆತ ಮೊಟ್ಟೆ ವಾಸನೆ ಬಂದರೂ ಮೊದಲು ನೋಡಬೇಕಾದದ್ದು ಇದೇ ಪಂಪ್.

ಬಿಳಿ ಹಗುರ ನೊರೆಗೆ ಡಿಟರ್ಜೆಂಟ್ ಕಾರಣ, ಇಲ್ಲವೇ ಸ್ಲಡ್ಜ್ ಇನ್ನೂ ಎಳಸು. ಕಂದು ಬಣ್ಣದ ದಪ್ಪ, ಜಿಡ್ಡು ನೊರೆಗೆ ತುಪ್ಪ, ಬೆಣ್ಣೆಯ ಜಿಡ್ಡೂ ಹಳೇ ಸ್ಲಡ್ಜೂ ಕಾರಣ. ಗ್ರೀಸ್ ಟ್ರ್ಯಾಪ್ ಕೊನೆಯ ಸಲ ಯಾವಾಗ ತೆಗೆದಿರಿ ಅಂತ ಕೇಳಿ. ಉತ್ತರ ತಡವಾದರೆ ಅಲ್ಲೇ ದೋಷ ಇದೆ.

ನೀರು ಬೆರೆಸಿ ಸ್ಯಾಂಪಲ್ ಪಾಸ್ ಮಾಡಿಸುವ ಸಲಹೆಯನ್ನು ಯಾರಾದರೂ ಕೊಟ್ಟೇ ಕೊಡುತ್ತಾರೆ. ಮಾಡಬೇಡಿ. ಹಳ್ಳಕ್ಕೆ ಹೋಗುವ ಭಾರ ಒಂದು ಗ್ರಾಂ ಕೂಡ ಇಳಿಯುವುದಿಲ್ಲ. ಬೋರ್‌ವೆಲ್ ನೀರು ಹಾಳು. ಒಳಬರುವ ನೀರಿನ ಮೀಟರ್‌ಗಿಂತ ಹೊರಹೋಗುವ ನೀರಿನ ಮೀಟರ್ ಜಾಸ್ತಿ ಓಡಿರುತ್ತದೆ, ಕಣ್ಣಿದ್ದವರಿಗೆ ಅಷ್ಟು ಸಾಕು. ಬೈಪಾಸ್ ಪೈಪ್ ಇದ್ದರೆ ಇವತ್ತೇ ಕತ್ತರಿಸಿ ಬಾಯಿ ಮುಚ್ಚಿಸಿ.

ಕಾಗದದಲ್ಲಿರುವ ದೋಷ

ಆ ಘಟಕದ ಕನ್ಸೆಂಟ್ ಪ್ರತಿ ಓದುವಾಗ ಇನ್ನೊಂದು ವಿಷಯ ಸಿಕ್ಕಿತು. ಅದರಲ್ಲಿ ಹಾಲು, ಮೊಸರು, ಮಜ್ಜಿಗೆ ಇತ್ತು. ಪನೀರ್ ಇರಲಿಲ್ಲ. 1974ರ ಜಲ ಕಾಯ್ದೆಯ 25ನೇ ಕಲಂ ಪ್ರಕಾರ ಕೊಡುವ ಸಮ್ಮತಿಯಲ್ಲಿ ಏನು ಉತ್ಪಾದನೆ, ಎಷ್ಟು, ಎಷ್ಟು ಕೊಳಚೆ ನೀರು, ಎಲ್ಲಿಗೆ ಬಿಡುವುದು ಎಲ್ಲವೂ ಬರೆದಿರುತ್ತದೆ. ಹೊಸ ಉತ್ಪನ್ನ ಶುರು ಮಾಡುವ ಮೊದಲೇ ಅರ್ಜಿ ಹಾಕಬೇಕಿತ್ತು. ಹಾಕಿದ್ದರೆ ಅರ್ಜಿಯಲ್ಲಿ "ಇದರಿಂದ ಎಷ್ಟು ಕೊಳಚೆ, ಅದರ ಗುಣ ಏನು" ಅಂತ ತುಂಬಬೇಕಾಗುತ್ತಿತ್ತು, 35 ಕಿಲೋ ಲೆಕ್ಕ ನಾಲ್ಕು ತಿಂಗಳ ಹಿಂದೆಯೇ ಮೇಜಿನ ಮೇಲೆ ಬರುತ್ತಿತ್ತು. ಆ ಫಾರಂ ಅನ್ನು ಬರೀ ಕಾಟ ಅಂದುಕೊಳ್ಳುವವರಿಗೆ ನಾನು ಈ ಘಟಕದ ಕಥೆ ಹೇಳುತ್ತೇನೆ.

ಸ್ಯಾಂಪಲ್ ತೆಗೆಯಲು ಅಧಿಕಾರಿಗಳು ಬಂದಾಗ 21ನೇ ಕಲಂ ನೆನಪಿರಲಿ. ಕಾನೂನು ಪ್ರಕಾರ ಸಾಕ್ಷಿಯಾಗುವ ಸ್ಯಾಂಪಲ್ಲಿಗೆ ಅಲ್ಲೇ ನೋಟಿಸ್ ಕೊಡಬೇಕು, ನಿಮ್ಮ ಎದುರೇ ಎರಡು ಭಾಗ ಮಾಡಬೇಕು, ಸೀಲ್ ಹಾಕಿ ಇಬ್ಬರೂ ಸಹಿ ಮಾಡಬೇಕು. ಜವಾಬ್ದಾರಿ ಇರುವ ಒಬ್ಬರು ಜೊತೆಯಲ್ಲಿ ನಿಂತು, ಸಮಯ, ಜಾಗ, ಆ ಹೊತ್ತಿನ ಪಿಎಚ್ ಬರೆದಿಟ್ಟುಕೊಳ್ಳಬೇಕು. ಸಾಧ್ಯವಾದರೆ ಅದೇ ನಿಮಿಷ ಅದೇ ಜಾಗದ ನೀರನ್ನು ನಿಮ್ಮದೇ ಬಾಟಲಿಗೂ ತುಂಬಿ, ಮಾನ್ಯತೆ ಇರುವ ಲ್ಯಾಬ್‌ಗೆ ಕಳಿಸಿ.

ಟ್ಯಾಂಕ್ ಒಡೆದು ಹಾಲು ಅಥವಾ ಆಸಿಡ್ ಹೊರಗೆ ಹೋದರೆ 31ನೇ ಕಲಂ ಪ್ರಕಾರ ತಕ್ಷಣ ಮಂಡಳಿಗೆ ತಿಳಿಸಬೇಕು. ಹಳ್ಳಿಯವರ ದೂರಿಗಿಂತ ಮೊದಲು ನಿಮ್ಮ ಫೋನ್ ಹೋಗಿರಲಿ. ಕೆಳಗೆ ಹಸು ನೀರು ಕುಡಿಯುತ್ತಿರುತ್ತದೆ, ಅಲ್ಲಿಯವರಿಗೂ ಹೇಳಿ ಕಳಿಸಿ.

ನೋಟಿಸ್‌ಗೆ ಉತ್ತರ ಬರೆಯುವಾಗ "ಇನ್ನು ಮುಂದೆ ಹೀಗಾಗದಂತೆ ನೋಡಿಕೊಳ್ಳುತ್ತೇವೆ" ಅನ್ನುವ ಒಂದೇ ಸಾಲು ಸಾಲದು. ಗಡುವಿನೊಳಗೆ ಉತ್ತರ ಹೋಗದಿದ್ದರೆ, ಸ್ಥಿತಿ ಸುಧಾರಿಸದಿದ್ದರೆ, 33ಎ ಕಲಂನಲ್ಲಿ ಘಟಕ ಮುಚ್ಚಿಸುವ, ಕರೆಂಟ್, ನೀರು ಕಡಿತ ಮಾಡಿಸುವ ಅಧಿಕಾರ ಮಂಡಳಿಗೆ ಇದೆ. ಆ ಘಟಕದ ಉತ್ತರವನ್ನು ನಾವು ನಾಲ್ಕು ಪುಟ ಬರೆದೆವು. ಗುರುವಾರದ ಪಿಎಚ್ ಓದುಗಳು, 48 ಮತ್ತು 83 ಕಿಲೋ ಲೆಕ್ಕ, ಸಿಂಟೆಕ್ಸ್ ಮತ್ತು ಪೈಪಿನ ಬಿಲ್, ಫೋಟೋ, ದಿನದಿನದ ಎಸ್‌ವಿ30 ಪಟ್ಟಿ. ಪಿಎಚ್ ಮೀಟರ್ ಎರಡು ತಿಂಗಳು ಕೆಟ್ಟಿತ್ತು, ಆ ದಿನಗಳ ಲಾಗ್ ನಂಬುವಂಥದ್ದಲ್ಲ ಅಂತಲೂ ಬರೆದೆವು. ಮಾಲೀಕರು ಆ ಸಾಲು ತೆಗೆಸಲು ನೋಡಿದರು. ಇರಲಿ ಅಂತ ಹಟ ಹಿಡಿದೆ. ಇಲ್ಲದಿದ್ದರೆ ಉಳಿದ ಮೂರೂ ಮುಕ್ಕಾಲು ಪುಟವನ್ನು ಯಾಕೆ ನಂಬಬೇಕು?

ಹೊಸ ಸಮ್ಮತಿ ಬರುವವರೆಗೆ ಪನೀರ್ ನಿಲ್ಲಿಸಿದರು. ಆರನೇ ವಾರ ಮಂಡಳಿಯವರು ಮತ್ತೆ ಸ್ಯಾಂಪಲ್ ತೆಗೆದರು. ಬಿಒಡಿ 22. ಹೊಸ ಪಿಎಚ್ ಮೀಟರ್ ಬಂದಿದೆ, ಬಫರ್ ದ್ರಾವಣದ ಬಾಟಲಿ ಪಕ್ಕದಲ್ಲೇ ಇದೆ. ಲಾಗ್ ಬುಕ್ಕಿನಲ್ಲಿ ಈಗ 6.8, 7.1, 6.6 ಅಂತ ಸಂಖ್ಯೆಗಳು ಏರಿಳಿಯುತ್ತವೆ. ಒಂದು ಭಾನುವಾರದ ಜಾಗ ಖಾಲಿ ಇದೆ, ಪಕ್ಕದಲ್ಲಿ ಆ ಹುಡುಗ ಬರೆದಿದ್ದಾನೆ: "ಕರೆಂಟ್ ಇರಲಿಲ್ಲ, ಅಳೆಯಲಿಲ್ಲ."